ಬೆಂಕಿ ಎಲ್ಲಿ ಶುರುವಾಯ್ತು ಅಂತ ಮೊದಲು ಕೇಳಿ

ಹಾಸನದಲ್ಲಿ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಎಲ್ಲಾದರೂ ಬೆಂಕಿ ಬಿದ್ದ ಮಾರನೇ ದಿನದ ಪೇಪರ್ ತೆಗೆದು ನೋಡಿ. ಸುಟ್ಟಿದ್ದು ಕೊಬ್ಬರಿ ಗೋದಾಮಾಗಿರಲಿ, ಪೇಟೆಯ ಬಟ್ಟೆ ಅಂಗಡಿಯಾಗಿರಲಿ, ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಾಗಿರಲಿ, ಸುದ್ದಿಯ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿದೆ ಎಂದು ಶಂಕಿಸಲಾಗಿದೆ. ಬೂದಿ ಇನ್ನೂ ಬಿಸಿ ಇರುತ್ತದೆ. ಒಳಗೆ ಯಾರೂ ಸರಿಯಾಗಿ ಕಾಲಿಟ್ಟಿರುವುದಿಲ್ಲ. ಕಾರಣ ಮಾತ್ರ ಆಗಲೇ ಅಚ್ಚಾಗಿರುತ್ತದೆ.

ನಾನು ವಿಮಾ ನಷ್ಟದ ಸರ್ವೇಯರ್. ಓದಿದ್ದು ಎಲೆಕ್ಟ್ರಿಕಲ್. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಟ್ಟ ಜಾಗ ನೋಡುವುದೇ ನನ್ನ ಹೊಟ್ಟೆಪಾಡು. ಬೆಂಕಿ ತನಿಖೆ ಮತ್ತು ಬೆಂಕಿ ತಡೆಯುವ ಕೆಲಸಕ್ಕೆ ಬರಬೇಕಾದರೆ ಏನೇನು ಗೊತ್ತಿರಬೇಕು ಹೇಳಿ ಎಂದು ನಿಮ್ಮ ಮೇಷ್ಟ್ರು ಕೇಳಿದರು. ನನ್ನ ಪ್ರಕಾರ ಮೊದಲು ಬೇಕಾದದ್ದು ಬಾಯಿ ಬಿಗಿ ಹಿಡಿಯುವುದು. ಬೆಂಕಿ ಎಲ್ಲಿ ಶುರುವಾಯ್ತು ಅಂತ ಗೊತ್ತಾಗುವವರೆಗೆ, ಯಾಕೆ ಶುರುವಾಯ್ತು ಅಂತ ಹೇಳಬಾರದು. ಕೇಳುವುದಕ್ಕೆ ಇದು ಸುಲಭ. ಸುಟ್ಟ ಅಂಗಡಿಯ ಮುಂದೆ ಮಾಲೀಕ, ಅವನ ಬಾಮೈದ, ಪೊಲೀಸರು, ಪತ್ರಕರ್ತ, ಪಕ್ಕದ ಅಂಗಡಿಯವ ಎಲ್ಲರೂ "ಏನ್ ಸಾರ್, ಶಾರ್ಟ್ ಸರ್ಕ್ಯೂಟ್ ಅಲ್ವಾ?" ಅಂತ ಮುಖ ನೋಡುತ್ತಾ ನಿಂತಾಗ ಅದರ ಕಷ್ಟ ಗೊತ್ತಾಗುತ್ತದೆ.

ಮೊದಲು ಈ ಶಾರ್ಟ್ ಸರ್ಕ್ಯೂಟನ್ನೇ ನೋಡೋಣ. ಎರಡು ತಂತಿ ನೇರವಾಗಿ ಒಂದಕ್ಕೊಂದು ತಾಗಿದಾಗ ಕರೆಂಟ್ ಒಮ್ಮೆಲೇ ವಿಪರೀತ ಏರುತ್ತದೆ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್, ಸರಿಯಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ ಆಗುತ್ತದೆ. ನಾನು ಜಾಸ್ತಿ ಹೆದರುವುದು ಸಡಿಲ ಜಾಯಿಂಟ್‌ಗೆ. ಸ್ವಿಚ್ ಹಿಂದಿನ ಸ್ಕ್ರೂ ಸಡಿಲವಾಗಿರುತ್ತದೆ. ಅಥವಾ ತಾಮ್ರದ ತಂತಿಗೆ ಅಲ್ಯೂಮಿನಿಯಂ ತಂತಿ ಸುತ್ತಿ ಟೇಪ್ ಹಾಕಿರುತ್ತಾರೆ. ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ಬಿಸಿಯೂ ಜಾಸ್ತಿ. ಆದರೆ ಹರಿಯುವ ಕರೆಂಟ್ ಮಾಮೂಲಿಯಷ್ಟೇ. ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಕಾದು ಕಾದು, ಸುತ್ತಲಿನ ಪ್ಲಾಸ್ಟಿಕ್, ಮರ ಕರಕಲಾಗುತ್ತಾ ಹೋಗಿ, ಒಂದು ದಿನ ಹೊತ್ತಿಕೊಳ್ಳುತ್ತದೆ. ಇದಕ್ಕೂ ಶಾರ್ಟ್ ಸರ್ಕ್ಯೂಟ್ ಅಂತ ಹೆಸರಿಟ್ಟರೆ ಪಕ್ಕದ ಅಂಗಡಿಯವ ಹೊಸ ಎಂಸಿಬಿ ಹಾಕಿಸಿ ನಿಶ್ಚಿಂತೆಯಿಂದ ಮಲಗುತ್ತಾನೆ. ಅವನ ಸ್ಕ್ರೂ ಸಡಿಲವಾಗಿಯೇ ಇರುತ್ತದೆ.

ಸುಟ್ಟ ತಂತಿಯ ತುದಿಯಲ್ಲಿ ಸಣ್ಣ ತಾಮ್ರದ ಗುಂಡು ಸಿಗುತ್ತದೆ, ಮಣಿಯ ಹಾಗೆ. ಅದನ್ನು ಹಿಡಿದು "ನೋಡಿ, ಸಿಕ್ತು" ಅನ್ನುವವರು ಬಹಳ. ಮಣಿ ಸಿಕ್ಕರೆ ಅಲ್ಲಿ ಕಿಡಿ ಹಾರಿತ್ತು ಅನ್ನಬಹುದು, ಅಷ್ಟೇ. ಕಿಡಿಯಿಂದ ಬೆಂಕಿ ಬಂತೋ, ಅಥವಾ ಬೇರೆಲ್ಲೋ ಹತ್ತಿದ ಬೆಂಕಿ ಬಂದು ತಂತಿಯ ಇನ್ಸುಲೇಶನ್ ಸುಟ್ಟು ತಂತಿಗಳು ತಾಗಿ ಕಿಡಿ ಹಾರಿತೋ? ಮಣಿ ಅದನ್ನು ಹೇಳುವುದಿಲ್ಲ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಅಲ್ಯೂಮಿನಿಯಂ 660ರಲ್ಲಿ. ಮನೆಯ ಬೆಂಕಿ 660 ದಾಟುವುದು ದೊಡ್ಡ ಮಾತಲ್ಲ. ಹಾಗಾಗಿ ಕರಗಿದ ಅಲ್ಯೂಮಿನಿಯಂನಿಂದ ಏನೂ ಸಾಬೀತಾಗುವುದಿಲ್ಲ. ಇನ್ನೊಂದು ಮೋಸವೂ ಇದೆ. ಕರಗಿದ ಅಲ್ಯೂಮಿನಿಯಂ ತಾಮ್ರದ ಮೇಲೆ ಬಿದ್ದರೆ ಎರಡೂ ಬೆರೆತು, 550 ಡಿಗ್ರಿ ಆಸುಪಾಸಿನಲ್ಲೇ ಕರಗುವ ಮಿಶ್ರಲೋಹವಾಗಬಹುದು. "ತಾಮ್ರವೇ ಕರಗಿದೆ, ಅಂದರೆ ಭಾರಿ ಬಿಸಿ ಇತ್ತು" ಅನ್ನುವ ಮಾತು ಅಲ್ಲಿಗೆ ಬಿತ್ತು. ಯಾವ ಲೋಹ ಎಷ್ಟು ಬೆರೆತರೆ ಎಷ್ಟು ಬಿಸಿಗೆ ಕರಗುತ್ತದೆ ಅಂತ ತೋರಿಸುವ, ನಿಮ್ಮ ಮೆಟಲರ್ಜಿ ಪಾಠದ ಆ ಫೇಸ್ ಡಯಾಗ್ರಾಮ್ ಯಾಕೆ ಅಂತ ಬೈದುಕೊಂಡಿರುತ್ತೀರಿ. ಇದಕ್ಕೇ.

ಹಾಗಾದರೆ ಶುರುವಾದ ಜಾಗ ಹುಡುಕುವುದು ಹೇಗೆ? ಬೆಂಕಿ ಮೇಲಕ್ಕೂ ಅಗಲಕ್ಕೂ ಹರಡುತ್ತದೆ, ಗೋಡೆಯ ಮೇಲೆ 'ವಿ' ಆಕಾರದ ಗುರುತು ಬಿಡುತ್ತದೆ. ಅದರ ಬುಡಕ್ಕೆ ಹೋಗಿ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಸಣ್ಣ ಬೆಂಕಿಗೆ ಇದು ಸರಿ. ಕೋಣೆ ಪೂರ್ತಿ ಉರಿದ ಮೇಲೆ ಲೆಕ್ಕವೇ ಬೇರೆ. ಬಿಸಿ ಹೊಗೆ ಮೊದಲು ಸೂರಿನ ಕೆಳಗೆ ಕೂಡಿಕೊಳ್ಳುತ್ತದೆ. ಅದು ಸುಮಾರು 500ರಿಂದ 600 ಡಿಗ್ರಿಗೆ ಏರಿದಾಗ ಅದರ ಶಾಖಕ್ಕೆ ಕೆಳಗಿನ ಸೋಫಾ, ಚಾಪೆ, ಬಟ್ಟೆ ಎಲ್ಲಾ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಇದನ್ನು ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಆಮೇಲೆ ಎಲ್ಲಿ ಗಾಳಿ ಸಿಗುತ್ತದೋ ಅಲ್ಲಿ ಜೋರಾಗಿ ಸುಡುತ್ತದೆ. ಬಾಗಿಲ ಹತ್ತಿರ, ಒಡೆದ ಕಿಟಕಿಯ ಕೆಳಗೆ. ಜಾಸ್ತಿ ಸುಟ್ಟ ಜಾಗವೇ ಶುರುವಾದ ಜಾಗ ಅಂತ ನಂಬಿದವರನ್ನು ಬೆಂಕಿ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ.

ಅಮೆರಿಕದ ಜಾಕ್ಸನ್‌ವಿಲ್ ಎಂಬ ಊರಲ್ಲಿ 1990ರಲ್ಲಿ ಒಂದು ಮನೆ ಸುಟ್ಟು ಆರು ಜನ ಸತ್ತರು. ಮನೆಯ ಯಜಮಾನನೇ ಪೆಟ್ರೋಲ್‌ನಂಥದ್ದು ಸುರಿದು ಹಚ್ಚಿದ ಅಂತ ಆರೋಪ. ನೆಲದ ಸುಟ್ಟ ಗುರುತು ನೋಡಿದರೆ ಹಾಗೇ ಕಾಣುತ್ತಿತ್ತು. ಸರ್ಕಾರಿ ವಕೀಲರ ಕಡೆಯ ತಜ್ಞರೇ ಒಂದು ಕೆಲಸ ಮಾಡಿದರು. ಅದೇ ಬೀದಿಯಲ್ಲಿ ಅದೇ ನಮೂನೆಯ ಇನ್ನೊಂದು ಮನೆ ಖಾಲಿ ಇತ್ತು. ಅದೇ ಥರದ ಸಾಮಾನು ಇಟ್ಟು, ಏನೂ ಸುರಿಯದೆ, ಬರೀ ಸೋಫಾಗೆ ಬೆಂಕಿ ಕೊಟ್ಟರು. ಐದು ನಿಮಿಷದೊಳಗೆ ಫ್ಲ್ಯಾಶ್‌ಓವರ್ ಆಯ್ತು. ನೆಲದ ಮೇಲೆ ಅದೇ ಗುರುತು. ಕೇಸ್ ಕೈಬಿಟ್ಟರು.

ಆದರೆ ಟೆಕ್ಸಸ್‌ನ ಕ್ಯಾಮರನ್ ಟಾಡ್ ವಿಲ್ಲಿಂಗ್‌ಹ್ಯಾಮ್ ಎಂಬವನಿಗೆ ಆ ಅದೃಷ್ಟ ಇರಲಿಲ್ಲ. 1991ರ ಡಿಸೆಂಬರ್‌ನಲ್ಲಿ ಅವನ ಮನೆ ಸುಟ್ಟು ಮೂವರು ಹೆಣ್ಣುಮಕ್ಕಳು ಸತ್ತರು. ನೆಲದ ಗುರುತು ಮತ್ತು ಬಲೆಯಂತೆ ಬಿರುಕು ಬಿಟ್ಟ ಕಿಟಕಿ ಗಾಜು ನೋಡಿ, ಇವನೇ ಹಚ್ಚಿದ್ದು ಅಂದರು. ಗಾಜು ಹಾಗೆ ಬಿರುಕು ಬಿಡುವುದು ಬಿಸಿ ಗಾಜಿನ ಮೇಲೆ ತಣ್ಣೀರು ಬಿದ್ದಾಗ ಅಂತ ಪ್ರಯೋಗಗಳಲ್ಲಿ ಗೊತ್ತಾಗಿದೆ. ಅಂದರೆ ಬೆಂಕಿ ಆರಿಸಿದವರ ಪೈಪಿನ ನೀರು. 2004ರಲ್ಲಿ ಅವನಿಗೆ ಮರಣದಂಡನೆ ಆಯ್ತು. ಆಮೇಲೆ ಪರಿಶೀಲಿಸಿದ ತಜ್ಞರು, ಹಚ್ಚಿದ್ದು ಅನ್ನುವುದಕ್ಕೆ ವೈಜ್ಞಾನಿಕ ಆಧಾರವೇ ಇರಲಿಲ್ಲ ಅಂದರು. ಬಾಯಿ ಬಿಗಿ ಹಿಡಿಯಿರಿ ಅಂತ ನಾನು ಸುಮ್ನೆ ಹೇಳುತ್ತಿಲ್ಲ.

ನಮ್ಮ ಕಡೆಯ ಬೆಂಕಿಗೆ ಬರೋಣ. ಇಲ್ಲಿಯ ಬೆಳೆ ಗೊತ್ತಿಲ್ಲದವನು ಇಲ್ಲಿಯ ಬೆಂಕಿ ತನಿಖೆ ಮಾಡಲಾರ. ಅರಸೀಕೆರೆ ಕಡೆ ತೆಂಗಿನಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ನಿಯಮ ಇದೆ ನೋಡಿ, ಅದರಲ್ಲಿ ಕೊಬ್ಬರಿ 4.2 ವರ್ಗದಲ್ಲಿದೆ. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ ಅದು. ತೇವ ಇದ್ದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಬಿಸಿ ಹುಟ್ಟುತ್ತದೆ. ಆಮೇಲೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಇನ್ನಷ್ಟು ಬಿಸಿ. ಗಾಳಿಯಾಡದ ದೊಡ್ಡ ರಾಶಿಯಾದರೆ ಆ ಬಿಸಿಗೆ ಹೋಗಲು ದಾರಿ ಇಲ್ಲ. ಕರೆಂಟೇ ಇಲ್ಲದ ಗೋದಾಮಿನಲ್ಲೂ ಬೆಂಕಿ ಹುಟ್ಟಬಹುದು. ಹಸಿ ಹುಲ್ಲು ಒಟ್ಟಿದ ಬಣವೆಯ ಕಥೆಯೂ ಇದೇ. ಅಜ್ಜಂದಿರು ಬಣವೆಯ ಒಳಗೆ ಕೈ ತೂರಿಸಿ ಕಾವು ನೋಡುತ್ತಿದ್ದರಲ್ಲ, ಅದು ಒಳ್ಳೆಯ ಅಭ್ಯಾಸ. ಸುಗ್ಗಿಯಲ್ಲಿ ಹುಲ್ಲು ಹೇರಿದ ಲಾರಿಗೆ ಜೋತುಬಿದ್ದ ತಂತಿ ತಾಗಿ ಸುಡುವುದು ಬೇರೆ ವಿಷಯ. ಅಲ್ಲಿ ತಂತಿಯ ಎತ್ತರ, ಲೋಡಿನ ಎತ್ತರ ಎರಡನ್ನೂ ಅವತ್ತೇ ಅಳೆಯಬೇಕು. ಮರುದಿನ ಯಾರಾದರೂ ಬಂದು ತಂತಿ ಬಿಗಿ ಮಾಡಿ ಹೋಗಿರುತ್ತಾರೆ.

ಅಡುಗೆ ಅನಿಲದಲ್ಲಿ ಇನ್ನೊಂದು ಸೂಕ್ಷ್ಮ. ಅದು ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಿದು ತಗ್ಗಿನಲ್ಲಿ ಕೂಡುತ್ತದೆ. ಗಾಳಿಯಲ್ಲಿ ಸುಮಾರು ಶೇ 2 ಸೇರಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಸೋರಿದ್ದು ಅಡುಗೆಮನೆಯಲ್ಲಿ, ಹತ್ತಿದ್ದು ಪಕ್ಕದ ಕೋಣೆಯ ಫ್ರಿಜ್‌ನ ಸಣ್ಣ ಕಿಡಿಗೆ ಅಂತಾಗಬಹುದು. ಆಗ ನೀವು ಎರಡು ಜಾಗ ಹುಡುಕಬೇಕು.

ಇಷ್ಟೆಲ್ಲಾ ಓದಿದವರಿಗೂ ಜನರ ಜೊತೆ ಮಾತಾಡಲು ಬರದಿದ್ದರೆ ಅರ್ಧ ಕೆಲಸ ನಿಂತಿತು. ಮೊದಲು ಹೊಗೆ ಕಂಡವರು ಯಾರು? ಯಾವ ಕಿಟಕಿಯಿಂದ? ಆಗ ಲೈಟ್ ಉರಿಯುತ್ತಿತ್ತಾ? ಬಾಗಿಲಿಗೆ ಬೀಗ ಇತ್ತಾ? "ಮೀಟರ್ ಬೋರ್ಡ್ ಹತ್ತಿರ ಕಿಡಿ ಬಂತಾ?" ಅಂತ ಕೇಳಬೇಡಿ. ಹೂಂ ಅನ್ನುತ್ತಾರೆ. "ಏನು ನೋಡಿದಿರಿ, ಮೊದಲಿಂದ ಹೇಳಿ" ಅಂತ ಕೇಳಿ ಸುಮ್ಮನಿರಿ. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರು ಬಹಳ. ಬೆಂಕಿ ಮೊದಲು ನೋಡುವವರು ಲೈನ್ ಮನೆಯ ಅವರೇ. ಅವರ ಮಾತನ್ನು ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಬಾಯಿಂದ ಕೇಳಿದರೆ ರೈಟರ್ ಹೇಳಬೇಕೆಂದಿದ್ದು ಮಾತ್ರ ಸಿಗುತ್ತದೆ. ಸ್ವಲ್ಪ ಹಿಂದಿ ಕಲಿಯಿರಿ.

ಅವಶೇಷ ತೆಗೆಯುವಾಗ ಮೇಲಿನಿಂದ ಒಂದೊಂದೇ ಪದರ ತೆಗೆಯಬೇಕು, ಪ್ರತಿ ಪದರಕ್ಕೂ ಫೋಟೋ. ಹಂಚಿನ ಕೆಳಗೆ ಏನಿತ್ತು, ಅದರ ಕೆಳಗೆ ಏನಿತ್ತು ಅನ್ನುವುದರಲ್ಲೇ ಯಾವುದು ಮೊದಲು ಬಿತ್ತು ಅಂತ ಇರುತ್ತದೆ. ಜೆಸಿಬಿ ಬಂದರೆ ಮುಗೀತು. ಪೆಟ್ರೋಲ್, ಸೀಮೆಎಣ್ಣೆ ಅನುಮಾನ ಇದ್ದರೆ ಮಾದರಿಯನ್ನು ಮಾಮೂಲಿ ಪಾಲಿಥಿನ್ ಕವರ್‌ನಲ್ಲಿ ಹಾಕಬೇಡಿ. ಆವಿ ಅದರ ಮೂಲಕ ಹೊರಹೋಗುತ್ತದೆ. ಬಳಸದ, ಗಾಳಿಯಾಡದ ಮುಚ್ಚಳದ ತಗಡಿನ ಡಬ್ಬಿ ಬೇಕು. ಅನುಮಾನ ಇಲ್ಲದ ಜಾಗದ ಅದೇ ಥರದ ನೆಲಹಾಸಿನ ತುಂಡೂ ಬೇಕು, ಹೋಲಿಸಲು. ಪ್ಲಾಸ್ಟಿಕ್ ಸುಟ್ಟಾಗ ಪೆಟ್ರೋಲಿನಲ್ಲಿ ಇರುವಂಥ ಕೆಲವು ರಾಸಾಯನಿಕಗಳೇ ಬರುತ್ತವೆ. ಮೂಗನ್ನು ನಂಬಿ ವರದಿ ಬರೆಯಬೇಡಿ. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅಂದರೆ ಆವಿಯಲ್ಲಿರುವ ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ಗುರುತಿಸುವ ಪರೀಕ್ಷೆ, ಮಾಡುವವರಿಗೆ ಬಿಡಿ. ಕೆಮಿಸ್ಟ್ರಿ ಓದುತ್ತಿರುವವರು ಆ ಕೆಲಸಕ್ಕೇ ಹೋಗಬಹುದು.

ಕಾನೂನು ಸ್ವಲ್ಪ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಮನೆಗೆ ಬೆಂಕಿ ಹಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 326(ಜಿ) ಪ್ರಕಾರ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಬರಬೇಕು ಅನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3). ರಾಜ್ಯಗಳು ಇದನ್ನು ಹಂತಹಂತವಾಗಿ ಜಾರಿಗೆ ತರಬೇಕು. ಅಂದರೆ ಜನ ಬೇಕಾಗುತ್ತಾರೆ. ಕೋರ್ಟಿನಲ್ಲಿ ನಿಮ್ಮ ಬುದ್ಧಿವಂತಿಕೆಗಿಂತ ನಿಮ್ಮ ನೋಟ್‌ಬುಕ್ಕಿಗೆ ಬೆಲೆ ಜಾಸ್ತಿ. ಎಷ್ಟು ಗಂಟೆಗೆ ಹೋದಿರಿ, ಯಾರಿದ್ದರು, ಯಾವ ಡಬ್ಬಿಗೆ ಯಾವ ನಂಬರ್. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೇರವಾಗಿ ನಾಲ್ಕು ಪುಟ ಬರೆಯಲು ಬರಬೇಕು. ಇಂಜಿನಿಯರುಗಳು ಮುಗ್ಗರಿಸುವುದು ಇಲ್ಲೇ ಜಾಸ್ತಿ.

ದೇಹದ ಬಗ್ಗೆ ಒಂದೇ ಮಾತು. ಅಗ್ನಿಶಾಮಕ ವೃತ್ತಿಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆರಿದ ಬೂದಿಯೂ ವಿಷವೇ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಒಳಗೆ ಹೋಗುವುದು ಧೈರ್ಯ ಅಲ್ಲ.

ಇನ್ನು ಬೆಂಕಿ ತಡೆಯುವುದು. ನನ್ನ ಅಭಿಪ್ರಾಯದಲ್ಲಿ ಇದು ತನಿಖೆಗಿಂತ ಕಷ್ಟ. ತನಿಖೆ ಮಾಡಿದವನನ್ನು ಜನ ಕೇಳುತ್ತಾರೆ. ಬೀಳದ ಬೆಂಕಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಕೊಂದದ್ದು ಹೊಗೆ, ಮತ್ತೆ ಹೊಗೆಗೆ ಹೆದರಿ ಮೇಲಿಂದ ಹಾರಿದ್ದು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬಾಲ್ಕನಿಗೆ ಏರಿತು. ಜಾಸ್ತಿ ಸೀಟು ಹಾಕಿ ದಾರಿ ಮುಚ್ಚಿದ್ದರು. 59 ಜನ ಹೋದರು. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಪ್ಪರಕ್ಕೆ ಹತ್ತಿ 94 ಮಕ್ಕಳು. ಮೂರರಲ್ಲೂ ಬೆಂಕಿಯ ಕಾರಣ ಬೇರೆ ಬೇರೆ. ಸಾವಿನ ಕಾರಣ ಹೆಚ್ಚುಕಡಿಮೆ ಒಂದೇ, ಹೊರಗೆ ಬರಲು ದಾರಿ ಸಿಗಲಿಲ್ಲ.

ಚಿಕ್ಕಮಗಳೂರಿನ ಹೋಂಸ್ಟೇಗಳನ್ನು ನೋಡುವಾಗ ನನಗೆ ಇದೇ ಯೋಚನೆ. ಹಳೆಯ ಮನೆ, ಮರದ ಅಟ್ಟ. ಅಟ್ಟವನ್ನೇ ಚೆಂದದ ರೂಮು ಮಾಡಿರುತ್ತಾರೆ. ಮೇಲೆ ಹೋಗಲು ಒಂದೇ ಮರದ ಮೆಟ್ಟಿಲು, ಅದರ ಬುಡದಲ್ಲೇ ಅಡುಗೆಮನೆ. ಕಿಟಕಿಗೆಲ್ಲಾ ಕಬ್ಬಿಣದ ಸರಳು. ಫೋಟೋ ಅದ್ಭುತವಾಗಿ ಬರುತ್ತದೆ. ಒಂದು ಸರಳಿನ ಚೌಕಟ್ಟನ್ನು ಒಳಗಿನಿಂದ ತೆರೆಯುವ ಹಾಗೆ ಮಾಡಿಸಿ ಅಂದರೆ "ಕಳ್ಳರು ಬಂದರೆ?" ಅನ್ನುತ್ತಾರೆ. ಅವರ ಪ್ರಶ್ನೆಯೂ ಸರಿಯೇ. ಆ ಎರಡಕ್ಕೂ ಉತ್ತರ ಕೊಡುವ ಚಿಲಕ ಸೂಚಿಸಿ, ಬೆಲೆ ಹೇಳಿ, ಮಾಡಿಸುವ ತನಕ ಬೆನ್ನು ಬಿಡದೇ ಇರುವುದು ಈ ಕೆಲಸದ ಅಸಲಿ ಕೌಶಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆ ಬಗ್ಗೆಯೇ ಇದೆ. ಓದಿ. ಆದರೆ ಅದನ್ನು ಓದಿ ಹೇಳಿದರೆ ಯಾರೂ ಕೇಳುವುದಿಲ್ಲ.

ದಾರಿಗಳು ಯಾವುವು? ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಇದೆ. ಅದರ ತರಬೇತಿ ಅಕಾಡೆಮಿ ಬೆಂಗಳೂರಿನಲ್ಲಿದೆ. ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ, 1956ರಲ್ಲಿ ಶುರುವಾದದ್ದು, ಫೈರ್ ಇಂಜಿನಿಯರಿಂಗ್ ಪದವಿ ಕೊಡುತ್ತದೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಅಂಡ್ ಫೈರ್ ಬಿಟೆಕ್ ಇದೆ. ವಿಧಿವಿಜ್ಞಾನಕ್ಕೆ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಎಲೆಕ್ಟ್ರಿಕಲ್‌ನವರಿಗೆ ವಿದ್ಯುತ್ ಪರಿವೀಕ್ಷಣಾಲಯ ಇದೆ. ವಿದ್ಯುತ್ ಕಾಯ್ದೆ 2003ರ 161ನೇ ಸೆಕ್ಷನ್ ಪ್ರಕಾರ ಕರೆಂಟಿನ ಅಪಘಾತಗಳ ವಿಚಾರಣೆ ಮಾಡುವವರು ಅವರೇ. ನನ್ನ ಹಾಗೆ ಸರ್ವೇಯರ್ ಆಗಬೇಕಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕು. ಕೈಗಾರಿಕೆಗಳ ಸೇಫ್ಟಿ ವಿಭಾಗವೂ ಇದೆ. ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಪೈಪ್‌ಲೈನ್ ನಮ್ಮ ಊರ ಮೇಲೇ ಹೋಗುತ್ತದಲ್ವಾ, ಅಂಥ ಕಡೆ ಈ ಕೆಲಸ ಗೊತ್ತಿರುವವರು ಯಾವಾಗಲೂ ಬೇಕು.

ಆಮೇಲೆ ಪ್ರಶ್ನೆಗಳು ಬಂದವು.

ಕಾರಣ ಸಿಗದೇ ಹೋದರೆ ಏನು ಬರೆಯುತ್ತೀರಿ ಅಂತ ಒಬ್ಬ ಹುಡುಗ ಕೇಳಿದ. ಸಿಗಲಿಲ್ಲ ಅಂತಲೇ ಬರೆಯುತ್ತೇನೆ. ಏನೇನು ನೋಡಿದೆ, ಯಾವುದನ್ನು ಯಾಕೆ ಬಿಟ್ಟೆ ಅಂತ ವಿವರ ಕೊಡುತ್ತೇನೆ. ಬೇರೆ ಯಾವ ಕಾರಣಕ್ಕೂ ಆಧಾರ ಸಿಗಲಿಲ್ಲ, ಹಾಗಾಗಿ ಯಾರೋ ಹಚ್ಚಿದ್ದೇ ಇರಬೇಕು ಅನ್ನುವ ವಾದ ಮಾತ್ರ ಬೇಡ. ಇನ್ನೊಂದು ವಿಷಯ. ಕಾರಣ ಬರೆಯದಿದ್ದರೆ ಕ್ಲೇಮ್ ಸಿಗಲ್ಲ ಅಂತ ಮಾಲೀಕರು ಹೆದರುತ್ತಾರೆ. 2023ರಲ್ಲಿ ಮುದಿತ್ ರೋಡ್‌ವೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಮೆ ಮಾಡಿಸಿದವನೇ ಬೆಂಕಿಗೆ ಕಾರಣನಲ್ಲದಿದ್ದರೆ ಬೆಂಕಿಯ ನಿಖರ ಕಾರಣ ಮುಖ್ಯವಲ್ಲ ಎಂದಿದೆ. ಆ ಭಯಕ್ಕೆ ಸುಳ್ಳು ಕಾರಣ ಬರೆಸುವ ಅಗತ್ಯ ಇಲ್ಲ.

ಹುಡುಗಿಯರಿಗೆ ಅವಕಾಶ ಇದೆಯಾ ಅಂತ ಮುಂದಿನ ಸಾಲಿನಿಂದ ಪ್ರಶ್ನೆ ಬಂತು. ನಾಗಪುರದ ಕಾಲೇಜಿಗೆ 2002ರಲ್ಲಿ ಸೇರಿದ ಹರ್ಷಿಣಿ ಕಾನ್ಹೇಕರ್ ಅಲ್ಲಿನ ಮೊದಲ ವಿದ್ಯಾರ್ಥಿನಿ. ಆಮೇಲೆ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಅಗ್ನಿಶಾಮಕ ವಿಭಾಗಕ್ಕೆ ಹೋದರು. ಪ್ರಯೋಗಾಲಯ, ವಿನ್ಯಾಸ, ಸರ್ವೇ ಇವುಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ.

ಕೊನೆಯ ಪ್ರಶ್ನೆ ಸಕಲೇಶಪುರದ ಹುಡುಗನದು. ಕಾಡಿನ ಬೆಂಕಿಯಲ್ಲಿ ಎಲ್ಲಾ ಸುಟ್ಟಿರುತ್ತದೆ, ಅಲ್ಲೇನು ಹುಡುಕುತ್ತೀರಿ? ಒಳ್ಳೆಯ ಪ್ರಶ್ನೆ. 2023ರ ಫೆಬ್ರವರಿಯಲ್ಲಿ ಅವನ ತಾಲ್ಲೂಕಿನಲ್ಲೇ ಕಾಡಿನ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಕಾಡಿನಲ್ಲಿ ಗುರುತುಗಳು ಬೇಕಾದಷ್ಟು ಇರುತ್ತವೆ. ಬೆಂಕಿ ಬಂದ ಕಡೆಯ ಕಲ್ಲಿನ ಮುಖ ಕರೆ ಹಿಡಿದಿರುತ್ತದೆ, ಹಿಂಬದಿಯ ಹುಲ್ಲು ಉಳಿದಿರುತ್ತದೆ. ಬಿಸಿಗೆ ಬಾಡಿದ ಎಲೆಗಳು ಆಗ ಬೀಸುತ್ತಿದ್ದ ಗಾಳಿಯ ದಿಕ್ಕಿಗೆ ಬಾಗಿ ಹಾಗೇ ಬಿರುಸಾಗಿ ನಿಂತಿರುತ್ತವೆ. ಶುರುವಾದ ಜಾಗದಲ್ಲಿ ಬೆಂಕಿ ಇನ್ನೂ ಸಣ್ಣದು, ಹಾಗಾಗಿ ಅಲ್ಲಿ ಸುಟ್ಟಿದ್ದೂ ಕಡಿಮೆ. ಮುಳ್ಳಯ್ಯನಗಿರಿ ಕಡೆಯ ಹುಲ್ಲುಗಾವಲಲ್ಲಿ ಬೆಂಕಿ ಇಳಿಜಾರು ಏರುವುದು ಬೇಗ, ಇಳಿಯುವುದು ನಿಧಾನ. ಕೆಳಗಿನಿಂದ ಹುಡುಕುತ್ತಾ ಬನ್ನಿ, ದಾರಿ ಬದಿ, ದನ ಹೋಗುವ ಜಾಡು, ತಂತಿ ಹಾದುಹೋಗುವ ಸಾಲು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದಿಂದ ಬೆಂಕಿಯ ಎಚ್ಚರಿಕೆ ಕಳಿಸುತ್ತದೆ. ಆದರೆ ಆ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೂರಾರು ಮೀಟರ್. ಬೀಡಿ ತುಂಡು ಬಿದ್ದದ್ದು ಎಲ್ಲಿ ಅಂತ ಅದು ತೋರಿಸುವುದಿಲ್ಲ. ಅದಕ್ಕೆ ಆ ಗುಡ್ಡ ನಡೆದು ಗೊತ್ತಿರುವವರು ಬೇಕು, ಮೊದಲ ಮಳೆ ಬೀಳುವುದರೊಳಗೆ.